ಗೇಜ್ 15 ತೋರಿಸುತ್ತದೆ, ಸ್ಟ್ರಿಪ್ ಅರ್ಧಕ್ಕೇ ನಿಂತಿದೆ: ಹಲ್ಲಿನ ಕ್ಲಿನಿಕ್ಕಿನ ಆಟೋಕ್ಲೇವ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಜುಲೈ ತಿಂಗಳ ಮಳೆ. ಕಾರವಾರದ ಕೋಡಿಬಾಗದಲ್ಲಿ ಒಂದು ಡೆಂಟಲ್ ಚೇರಿನ ಕಂಪ್ರೆಸರ್ ಬಿಚ್ಚಿಕೊಂಡು ಕೂತಿದ್ದೆ. ಅಂಕೋಲೆಯಿಂದ ಫೋನ್ ಬಂತು, ಅಲ್ಲಿನ ಒಂದು ಹಲ್ಲಿನ ಕ್ಲಿನಿಕ್ಕಿನ ಅಸಿಸ್ಟೆಂಟ್ ಅಕ್ಕ. ವಿಷಯ ಆಟೋಕ್ಲೇವಿನದು, ಅಂದರೆ ಸಾಮಾನನ್ನು ಪ್ರೆಷರಿನ ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಮಷೀನು. ಗೇಜಿನ 15 ಅಂದರೆ 15 ಪೌಂಡ್ ಪ್ರೆಷರ್, ಸ್ಟ್ರಿಪ್ ಅಂದರೆ ಶುದ್ಧಿಗೆ ಬೇಕಾದಷ್ಟು ಆಯಿತಾ ಅಂತ ಕಪ್ಪು ಪಟ್ಟಿ ಓಡಿ ತೋರಿಸುವ, ಸಾಮಾನಿನ ಜೊತೆ ಒಳಗಿಡುವ ಸಣ್ಣ ತುಂಡು. "ಅಣ್ಣಾ, ಗೇಜ್ ಸರಿಯಾಗಿ 15 ತೋರಿಸ್ತದೆ, 30 ನಿಮಿಷ ಇಟ್ಟಿದ್ದೇನೆ, ಒಳಗಿನ ಸ್ಟ್ರಿಪ್ ಮಾತ್ರ ಅರ್ಧಕ್ಕೇ ನಿಂತಿದೆ. ಸ್ಟ್ರಿಪ್ಪೇ ಹಾಳು, ಅಲ್ವಾ? ಡಾಕ್ಟ್ರು ಹೊಸ ಪ್ಯಾಕ್ ತರಿಸುವಾ ಅಂತಿದ್ದಾರೆ."

ನಾನು ಹೇಳಿದ್ದು ಇಷ್ಟೇ. "ಅಕ್ಕಾ, ಆ ಲೋಡು ಯಾರ ಬಾಯಿಗೂ ಹೋಗುವುದು ಬೇಡ. ಒಂದು ಟ್ರೇಗೆ ಹಾಕಿ, ಮೇಲೆ ಚೀಟಿ ಅಂಟಿಸಿ ಬದಿಗಿಡಿ. ಕೊನೆಯ ಸಲ ಸ್ಟ್ರಿಪ್ ಪೂರ್ತಿ ಪಾಸಾದ ದಿನ ಯಾವುದು ಅಂತ ನೋಟ್‌ಬುಕ್ಕಲ್ಲಿ ನೋಡಿ. ನಾಳೆ ಬರ್ತೇನೆ."

ಈ ದೋಷ ನನಗೆ ವರ್ಷಕ್ಕೆ ಏಳೆಂಟು ಸಲ ಸಿಗುತ್ತದೆ. ಕರಾವಳಿಯಲ್ಲೂ ಸಿಗುತ್ತದೆ, ಘಟ್ಟದ ಮೇಲೆ ಶಿರಸಿಯಲ್ಲೂ ಸಿಗುತ್ತದೆ. ಎಲ್ಲರೂ ಮೊದಲು ಬೈಯುವುದು ಸ್ಟ್ರಿಪ್ಪನ್ನು, ಆಮೇಲೆ ಗ್ಯಾಸ್ಕೆಟ್ಟನ್ನು. ನಾನು ನೋಡಿದ ಮಟ್ಟಿಗೆ ಇವೆರಡರ ತಪ್ಪು ಇರುವುದು ಕಡಿಮೆ. ಅದಕ್ಕೇ ನಾನು ಹುಡುಕುವ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮುಖ್ಯವಾಗಿ ಸಣ್ಣ ಕ್ಲಿನಿಕ್ಕುಗಳಲ್ಲಿ ಇರುವ ಕುಕ್ಕರ್ ತರಹದ ನಿಂತ ಆಟೋಕ್ಲೇವ್ ಬಗ್ಗೆ. ಮುಂದೆ ಬಾಗಿಲಿರುವ ವ್ಯಾಕ್ಯೂಮ್ ಮಷೀನಿನ ಮಾತು ಕೊನೆಯ ಹೊತ್ತಿಗೆ ಬರುತ್ತದೆ.

ಮೊದಲು ಸ್ಟ್ರಿಪ್ಪಿನ ಮೇಲಿನ ಅನುಮಾನ ತೀರಿಸಿಕೊಳ್ಳಿ

ಸಾಮಾನು ಹಾಕಿ ಮುಚ್ಚುವ ಕಾಗದ-ಪ್ಲಾಸ್ಟಿಕ್ ಚೀಲದ, ಅಂದರೆ ಪೌಚಿನ, ಮೇಲೆ ಅಂಟಿಸುವ ಗೆರೆ ಗೆರೆ ಟೇಪು ಬೇರೆ, ಒಳಗಿಡುವ ಸ್ಟ್ರಿಪ್ ಬೇರೆ. ಟೇಪಿನ ಗೆರೆ ಕಪ್ಪಾಯಿತು ಅಂದರೆ ಆ ಪೌಚ್ ಬಿಸಿ ಕಂಡಿದೆ ಅಂತ ಮಾತ್ರ ಅರ್ಥ. ಮಾಡಿದ್ದು ಯಾವುದು, ಮಾಡದೇ ಇದ್ದದ್ದು ಯಾವುದು ಅಂತ ಗುರುತು ಹಿಡಿಯಲಿಕ್ಕೆ ಅದು ಸಾಕು, ಅದಕ್ಕಿಂತ ಜಾಸ್ತಿ ಅದರಿಂದ ಕೇಳಬೇಡಿ. 5ನೇ ವರ್ಗದ ಸ್ಟ್ರಿಪ್ ಹಾಗಲ್ಲ. ಅದಕ್ಕೆ ಉಷ್ಣತೆ, ಹೊತ್ತು, ಹಬೆ ಮೂರೂ ಬೇಕು. ಒಂದು ಕಡಿಮೆಯಾದರೂ ಕಪ್ಪು ಪಟ್ಟಿ ಓಡುವುದು ನಡುವೆಯೇ ನಿಲ್ಲುತ್ತದೆ. ಟೇಪು ಕಪ್ಪಾಗಿ ಸ್ಟ್ರಿಪ್ ಅರ್ಧಕ್ಕೆ ನಿಂತರೆ ಎರಡೂ ನಿಜವನ್ನೇ ಹೇಳುತ್ತಿವೆ: ಬಿಸಿ ಆಗಿದೆ, ಸಾಕಷ್ಟು ಆಗಿಲ್ಲ.

ಹಾಗಂತ ಸ್ಟ್ರಿಪ್ ಕೆಡುವುದೇ ಇಲ್ಲ ಅಂತಲ್ಲ. ನಮ್ಮ ಮಳೆಗಾಲದಲ್ಲಿ ಹಪ್ಪಳದ ಡಬ್ಬಿಯನ್ನೇ ಎರಡು ಸಲ ಮುಚ್ಚುತ್ತೇವೆ. ಸ್ಟ್ರಿಪ್ ಪ್ಯಾಕೆಟ್ಟನ್ನು ಮಾತ್ರ ಬಾಯಿ ತೆರೆದು ಸಿಂಕಿನ ಪಕ್ಕ ಇಡುತ್ತಾರೆ. ತಾರೀಕು ಮುಗಿದಿದೆಯಾ ನೋಡಿ. ಪಕ್ಕದ ಕ್ಲಿನಿಕ್ಕಿನಲ್ಲಿ ಚೆನ್ನಾಗಿರುವ ಮಷೀನು ಇದ್ದರೆ ನಿಮ್ಮ ಪ್ಯಾಕೆಟ್ಟಿನ ಒಂದು ಸ್ಟ್ರಿಪ್ಪನ್ನು ಅವರ ಲೋಡಿಗೆ ಹಾಕಿಸಿ. ಅಲ್ಲಿ ಪಾಸಾದರೆ ಸ್ಟ್ರಿಪ್ ಸರಿ ಇದೆ, ತೊಂದರೆ ನಿಮ್ಮ ಮನೆಯದು. ಅಂಕೋಲೆಯ ಪ್ಯಾಕೆಟ್ಟಿನಿಂದ ಎರಡನ್ನು ನಾನು ಮರುದಿನ ಬೆಳಿಗ್ಗೆಯೇ ಬೇರೆ ಕಡೆ ಹಾಕಿ ನೋಡಿದೆ. ಎರಡೂ ಪಾಸು.

ಗ್ಯಾಸ್ಕೆಟ್ ವಿಷಯ ಒಂದೇ ಮಾತು. ಗ್ಯಾಸ್ಕೆಟ್ ಹೋಗಿದ್ದರೆ ಮುಚ್ಚಳದ ಅಂಚಿನಲ್ಲಿ ಹಬೆ ಸುಸ್ಸೆನ್ನುತ್ತದೆ, ಪ್ರೆಷರ್ ಏರಲಿಕ್ಕೆ ಸತಾಯಿಸುತ್ತದೆ. ಮುಳ್ಳು 15 ಮುಟ್ಟಿ ಅಲ್ಲಾಡದೆ ನಿಲ್ಲುತ್ತಿದ್ದರೆ ಸುಮ್ನೆ ಅದರ ಮೇಲೆ ದುಡ್ಡು ಹಾಕಬೇಡಿ.

ಒಳಗೆ ಗಾಳಿ ಉಳಿದಿದೆಯಾ?

ಇದೇ ದೊಡ್ಡ ಕಳ್ಳ. ಗೇಜ್ ತೋರಿಸುವುದು ಪ್ರೆಷರ್. ಆ ಪ್ರೆಷರ್ ಬರೀ ಹಬೆಯದಾ ಅಥವಾ ಹಬೆ ಗಾಳಿ ಎರಡೂ ಸೇರಿ ತಳ್ಳುತ್ತಿರುವುದಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. 15 ಪೌಂಡ್ ಪ್ರೆಷರಿನಲ್ಲಿ ಗಾಳಿ ಪೂರ್ತಿ ಹೊರಗೆ ಹೋಗಿದ್ದರೆ ಒಳಗೆ 121 ಡಿಗ್ರಿ. ಮೂರರಲ್ಲಿ ಎರಡು ಪಾಲು ಗಾಳಿ ಹೋಗಿದ್ದರೆ 115. ಅರ್ಧ ಹೋಗಿದ್ದರೆ 112. ಮೂರರಲ್ಲಿ ಒಂದೇ ಪಾಲು ಹೋಗಿದ್ದರೆ 109. ಗಾಳಿ ಒಂಚೂರೂ ಹೋಗದೆ ಇದ್ದರೆ ಅದೇ 15ರ ಮುಳ್ಳಿನ ಕೆಳಗೆ ಬರೀ 100 ಡಿಗ್ರಿ ಇರುತ್ತದೆ, ಅಂದರೆ ಅನ್ನಕ್ಕೆ ಇಟ್ಟ ನೀರಿನಷ್ಟು ಬಿಸಿ, ಅಷ್ಟೇ. ಮುಳ್ಳು ಎಲ್ಲಾ ಸಲವೂ ಅದೇ ಜಾಗದಲ್ಲಿ ನಿಂತಿರುತ್ತದೆ, ನೋಡುವವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಇದು ಅಡುಗೆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆಯೇ. ಕುಕ್ಕರ್ ಇಟ್ಟ ಕೂಡಲೇ ವೇಟ್ ಹಾಕುವುದಿಲ್ಲ, ನಳಿಗೆಯಿಂದ ಹಬೆ ಜೋರಾಗಿ ಒಂದೇ ಸಮ ಬಂದ ಮೇಲೆ ಹಾಕುತ್ತೇವೆ. ಆಟೋಕ್ಲೇವಿನ ಹಬೆ ಕಾಕ್ ಕೂಡ ಅದೇ ಕೆಲಸಕ್ಕೆ ಇರುವುದು. ಮೊದಲ ಹಬೆ ಕಂಡ ಕೂಡಲೇ ಮುಚ್ಚಿದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಮೊದಲು ಬರುವುದು ಬಿಟ್ಟು ಬಿಟ್ಟು ಉಗುಳುವ, ನೀರು ಚಿಮ್ಮುವ ಹಬೆ. ಅದು ನಿಂತು, ಕಡಿಯದ ಒಂದೇ ಧಾರೆ ಬರಲಿಕ್ಕೆ ಶುರುವಾದ ಮೇಲೆ ಗಡಿಯಾರ ನೋಡಿ. ನಾನು 5 ನಿಮಿಷಕ್ಕಿಂತ ಕಡಿಮೆ ಬಿಡುವುದಿಲ್ಲ, ಲೋಡು ದೊಡ್ಡದಿದ್ದರೆ 7. ನಿಮ್ಮ ಮಷೀನಿನ ಪುಸ್ತಕದಲ್ಲಿ ಬೇರೆ ಬರೆದಿದ್ದರೆ ಅದೇ ಸರಿ.

ಅಂಕೋಲೆಯಲ್ಲಿ ಅಕ್ಕನಿಗೆ, ದಿನಾ ಮಾಡುವ ಹಾಗೇ ಮಾಡಿ, ನಾನು ಸುಮ್ಮನೆ ನೋಡುತ್ತೇನೆ ಅಂದೆ. ಕಾಕಿನಿಂದ ಹಬೆ ಬಂತು. ಹೊರಗೆ ಮಳೆ, ಕರೆಂಟು ಎರಡು ಸಲ ಮಿಣಕ್ ಅಂತು. ಅಕ್ಕ ಹತ್ತು ಸೆಕೆಂಡೂ ಕಾಯದೆ ಕಾಕ್ ತಿರುಗಿಸಿಬಿಟ್ಟರು. "ಕರೆಂಟ್ ಹೋಗುವ ಮೊದಲು ಪ್ರೆಷರ್ ಏರ್ಲಿ ಅಂತ ಅಣ್ಣಾ." ಬೇಸಿಗೆಯಲ್ಲಿ ಅವರು ಕಾಯುತ್ತಿದ್ದರಂತೆ. ಮಳೆ ಶುರುವಾದ ಮೇಲೆ ಈ ಅವಸರ ಕೈಗೆ ಬಂದಿದೆ. ಸ್ಟ್ರಿಪ್ ಕೈಕೊಟ್ಟದ್ದೂ ಆ ಮೇಲೆಯೇ.

ಇದೊಂದೇ ಅಂತ ಎದ್ದು ಬರಬಹುದಿತ್ತು. ಆದರೆ ದೋಷ ಒಂದು ಸಿಕ್ಕಿದ ಕೂಡಲೇ ಚೀಲ ಕಟ್ಟುವುದು ನನಗೆ ಆಗಿಬರುವುದಿಲ್ಲ, ಎರಡು ಸಲ ಅದೇ ದಾರಿಯಲ್ಲಿ ವಾಪಸ್ ಹೋಗಿ ಬುದ್ಧಿ ಕಲಿತಿದ್ದೇನೆ. ಕಾಕನ್ನು ಪೂರ್ತಿ 5 ನಿಮಿಷ ಬಿಟ್ಟು ಇನ್ನೊಂದು ಲೋಡು ಹಾಕಿಸಿದೆ. ಈ ಸಲ ಒಂದು ಸ್ಟ್ರಿಪ್ ಬದಲು ನಾಲ್ಕು ಇಟ್ಟೆ: ಬುಟ್ಟಿಯ ಮೇಲುಗಡೆ ಒಂದು, ತಳದಲ್ಲಿ ಒಂದು, ಪೌಚುಗಳ ನಡುವೆ ಒಂದು, ಇಕ್ಕಳಗಳ ಸ್ಟೀಲ್ ಡಬ್ಬಿಯ ಒಳಗೆ ಒಂದು. ಯಾರೇ ಆಗಲಿ ಈ ಪರೀಕ್ಷೆ ಮಾಡಬಹುದು, ಖರ್ಚು ನಾಲ್ಕು ಸ್ಟ್ರಿಪ್ಪಿನದು ಮಾತ್ರ. ನಾಲ್ಕೂ ಫೇಲಾದರೆ ಮಷೀನಿನದೇ ತೊಂದರೆ: ಹೀಟರ್, ಗೇಜ್, ಕಾಕ್, ಇವುಗಳಲ್ಲಿ ಒಂದು. ಮೇಲಿನದು ಪಾಸಾಗಿ ತಳದ್ದು ಫೇಲಾದರೆ ತಳದಲ್ಲಿ ಗಾಳಿ ಕೂತಿದೆ, ಯಾಕಂದರೆ ಗಾಳಿ ಹಬೆಗಿಂತ ಭಾರ. ಪೌಚುಗಳ ನಡುವಿನದು ಮಾತ್ರ ಫೇಲಾದರೆ ತುರುಕಿದ್ದು ಜಾಸ್ತಿಯಾಗಿದೆ.

ಅಂಕೋಲೆಯಲ್ಲಿ ಮೂರು ಪಾಸು. ಡಬ್ಬಿಯೊಳಗಿನದು ಮುಕ್ಕಾಲಿಗೆ ನಿಂತಿತ್ತು.

ಡಬ್ಬಿ ತೆಗೆದು ನೋಡಿದೆ. ಒಳ್ಳೆ ದಪ್ಪ ಸ್ಟೀಲಿನದು, ಮುಚ್ಚಳ ಗಟ್ಟಿ, ಒಂದೇ ಒಂದು ತೂತಿಲ್ಲ. ಹಳೆಯದು ತೂತಿನ ಟ್ರೇ ಆಗಿತ್ತಂತೆ, ಜೂನ್‌ನಲ್ಲಿ ಅದರ ಬೀಗ ಮುರಿದು ಇದನ್ನು ತಂದಿದ್ದಾರೆ. ಮುಚ್ಚಿದ ಡಬ್ಬಿಯನ್ನು ನೆಟ್ಟಗೆ ಇಟ್ಟರೆ ಅದು ಗಾಳಿ ತುಂಬಿದ ತಂಬಿಗೆ ಇದ್ದ ಹಾಗೆ. ಭಾರದ ಗಾಳಿಗೆ ಕೆಳಗಿನಿಂದ ಹೋಗಲು ದಾರಿಯಿಲ್ಲ, ಹಬೆಗೆ ಒಳಗೆ ಬರಲು ಜಾಗವಿಲ್ಲ. ಇಕ್ಕಳ ಬಿಸಿಯಾಗುತ್ತದೆ, ಆದರೆ ಒಣ ಬಿಸಿ. 121 ಡಿಗ್ರಿಯ ಒಣ ಬಿಸಿಗೆ ಅಷ್ಟು ನಿಮಿಷದಲ್ಲಿ ಆ ಕೆಲಸ ಆಗುವುದಿಲ್ಲ. ಸೂಕ್ಷ್ಮಜೀವಿ ಸಾಯುವುದು ಹಬೆ ಆ ಲೋಹಕ್ಕೆ ತಾಗಿ ನೀರಾಗುವಾಗ ಬಿಡುವ ಶಾಖದಿಂದ. ತೂತಿನ ಕ್ಯಾಸೆಟ್ (ಸಾಮಾನಿಡುವ ಡಬ್ಬಿ) ತರುವ ತನಕ ಇಕ್ಕಳಗಳ ಬಾಯಿ ತೆರೆದು ಪೌಚಿಗೆ ಹಾಕಿ ಅಂತ ಹೇಳಿದೆ.

ಪೌಚ್ ಜೋಡಿಸುವುದೂ ಹೀಗೇ. ಪತ್ರೊಡೆ ಒಟ್ಟಿದ ಹಾಗೆ ಒಂದರ ಮೇಲೊಂದು ಮಲಗಿಸಬಾರದು. ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಿ, ಒಂದರ ಕಾಗದದ ಬದಿ ಇನ್ನೊಂದರ ಪ್ಲಾಸ್ಟಿಕ್ ಬದಿಗೆ ಬರಲಿ. ಹಬೆ ಹೋಗಿ ಬರುವುದು ಕಾಗದದ ಕಡೆಯಿಂದ ಮಾತ್ರ.

ಗೇಜ್ ಸುಳ್ಳು ಹೇಳುವುದೂ ಉಂಟು

ಮಷೀನು ತಣ್ಣಗಾಗಿ, ಮುಚ್ಚಳ ತೆರೆದಿಟ್ಟಾಗ ಮುಳ್ಳು ಸೊನ್ನೆಯ ಮೇಲೆ ಕೂತಿದೆಯಾ ನೋಡಿ. ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಒಂದು ಕ್ಲಿನಿಕ್ಕಿನಲ್ಲಿ ಮುಚ್ಚಳ ತೆರೆದಿದ್ದರೂ ಮುಳ್ಳು 2ರಲ್ಲಿ ನಿಂತಿತ್ತು. ಅಂದರೆ ಅವರು 15 ಅಂತ ನಂಬಿದ್ದು 13 ಇರಬಹುದು. ಗೇಜಿಗೆ ಹೋಗುವ ಸಣ್ಣ ಕೊಳವೆಯಲ್ಲಿ ಸುಣ್ಣ ಕಟ್ಟಿದರೂ ಮುಳ್ಳು ನಿಧಾನಕ್ಕೆ ಏಳುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಇದು ಅಪಾಯ, ಯಾಕಂದರೆ ಒಳಗೆ ಪ್ರೆಷರ್ ಇದ್ದಾಗಲೇ ಇಲ್ಲ ಅಂದುಕೊಂಡು ಮುಚ್ಚಳಕ್ಕೆ ಕೈ ಹಾಕುತ್ತೇವೆ. ಗೇಜ್ ಏನೇ ಹೇಳಲಿ, ಕಾಕ್ ತೆರೆದು ಹಬೆ ಪೂರ್ತಿ ನಿಂತ ಮೇಲೆಯೇ ತೆರೆಯಿರಿ.

ಗೇಜಿನ ಮಾತನ್ನು ತಾಳೆ ನೋಡಲಿಕ್ಕೆ, ಮುಟ್ಟಿದ ಗರಿಷ್ಠ ಉಷ್ಣತೆಯಲ್ಲೇ ನಿಲ್ಲುವ ಥರ್ಮಾಮೀಟರ್ ಸಿಗುತ್ತದೆ. ಲೋಡಿನ ನಡುವೆ ಇಟ್ಟು ಆಮೇಲೆ ಓದಿದರೆ ಆಯ್ತು. ದುಡ್ಡಿದ್ದರೆ ಒಳಗೇ ಇಡುವ ಡೇಟಾ ಲಾಗರ್ ಇನ್ನೂ ಒಳ್ಳೆಯದು. ಥರ್ಮಾಮೀಟರಿಗೆ ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಲಾಗರಿಗೆ ಗೊತ್ತು. ವರ್ಷಕ್ಕೊಮ್ಮೆ ಗೇಜನ್ನು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ಕ್ಯಾಲಿಬ್ರೇಟ್ ಮಾಡಿಸಿ, ಸರ್ಟಿಫಿಕೇಟ್ ಫೈಲಿಗೆ ಹಾಕಿ ಮರೆಯಬೇಡಿ. ಎಷ್ಟು ವ್ಯತ್ಯಾಸ ಬರೆದಿದ್ದಾರೆ ಅಂತ ಓದಿ ಗೇಜಿನ ಪಕ್ಕವೇ ಚೀಟಿ ಅಂಟಿಸಿ.

ಶಿರಸಿಯವರಿಗೆ ಒಂದು ಮಾತು ಬೇರೆಯೇ ಇದೆ. ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಜಾಸ್ತಿ ಇದೆ ಅಂತ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಹೊರಗಿನ ಗಾಳಿಯೇ ಹಗುರ, ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಹಾಗಾಗಿ ಸಮುದ್ರದ ಬದಿಯ ಕುಮಟೆಯಲ್ಲಿ 15ಕ್ಕೆ 121 ಡಿಗ್ರಿ ಬಂದರೆ ಶಿರಸಿಯಲ್ಲಿ ಅದೇ 15ಕ್ಕೆ ಸುಮಾರು 120. ಒಂದು ಡಿಗ್ರಿ ಅಂತ ನಗಬೇಡಿ, ಗಾಳಿ ಸ್ವಲ್ಪ ಉಳಿದು, ಗೇಜೂ ಸ್ವಲ್ಪ ತಪ್ಪಿ, ಅದರ ಮೇಲೆ ಇದೂ ಸೇರಿದರೆ ಸ್ಟ್ರಿಪ್ ಖಂಡಿತ ನಿಲ್ಲುತ್ತದೆ. ಘಟ್ಟದ ಮೇಲೆ ಒಂದು ಪೌಂಡ್ ಜಾಸ್ತಿ, ಅಂದರೆ 16ಕ್ಕೆ ಇಟ್ಟರೆ ಲೆಕ್ಕ ಸರಿಯಾಗುತ್ತದೆ. ಆದರೆ ನಿಮ್ಮ ಮಷೀನಿನ ಸೇಫ್ಟಿ ವಾಲ್ವ್ ಎಷ್ಟಕ್ಕೆ ತೆರೆಯುತ್ತದೆ ಅಂತ ನೋಡಿಕೊಳ್ಳದೆ ಕೈ ಹಾಕಬೇಡಿ.

ಕರೆಂಟು

ಹೀಟರಿನ ಬಲ ವೋಲ್ಟೇಜಿನ ವರ್ಗದ (ವೋಲ್ಟೇಜ್ × ವೋಲ್ಟೇಜ್) ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ 2 ಕಿಲೋವ್ಯಾಟ್ ಹೀಟರ್ ಕೊಡುವುದು ಸುಮಾರು 1.2 ಮಾತ್ರ. ಏರಲಿಕ್ಕೆ ಹೊತ್ತಾಗುತ್ತದೆ, ಕಾಕಿನ ಹಬೆಯೂ ಸಪ್ಪೆ. ಮಲ್ಟಿಮೀಟರ್ ಹಿಡಿದು, ಹೀಟರ್ ಉರಿಯುತ್ತಿರುವಾಗಲೇ ಸಾಕೆಟ್ಟಿನಲ್ಲಿ ನೋಡಿ, ಆಫ್ ಇದ್ದಾಗ ನೋಡಿ ಪ್ರಯೋಜನವಿಲ್ಲ. ಮತ್ತೆ, ನಡುವೆ ಕರೆಂಟು ಹೋದರೆ ಹತ್ತು ನಿಮಿಷ ಆಗಿತ್ತು, ಇನ್ನು ಇಪ್ಪತ್ತು ಸಾಕು ಅನ್ನುವ ಲೆಕ್ಕ ಬೇಡ. ಮತ್ತೆ ಏರಿ ನಿಂತ ಮೇಲೆ ಸೊನ್ನೆಯಿಂದ ಎಣಿಸಿ. 121ಕ್ಕೆ 15 ನಿಮಿಷ ಅನ್ನುವುದು ಬರಿಯ ಸಾಮಾನಿಗೆ, ಪೌಚಿನಲ್ಲಿ ಸುತ್ತಿದ್ದಕ್ಕೆ 30.

ನೀರು, ಕಲೆ, ತುಕ್ಕು

ಸ್ಟ್ರಿಪ್ ಪಾಸು, ಆದರೆ ಬಾಯೊಳಗೆ ನೋಡುವ ಕನ್ನಡಿ, ಮೌತ್ ಮಿರರ್ ಮೇಲೆ ಕಂದು ಚುಕ್ಕೆ. ಇದು ನಮ್ಮ ಕರಾವಳಿಯ ಖಾಯಂ ದೂರು. ಸಮುದ್ರದ ಬದಿಯ ಬಾವಿ ನೀರಿನಲ್ಲಿ ಉಪ್ಪಿರುತ್ತದೆ, ಉಪ್ಪಿನ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಸೂಜಿ ಚುಚ್ಚಿದ ಹಾಗೆ ತಿನ್ನುತ್ತದೆ. ಕಲೆಯ ಮೇಲೆ ಪೆನ್ಸಿಲ್ ರಬ್ಬರ್ ತಿಕ್ಕಿ ನೋಡಿ. ಹೋಗಿ ಕೆಳಗೆ ನುಣ್ಣಗಿದ್ದರೆ ಅದು ಹೊರಗಿನಿಂದ ಕೂತ ಕಲೆ. ಕೆಳಗೆ ಸಣ್ಣ ಗುಳಿ ಕಂಡರೆ ತುಕ್ಕು, ಆ ಸಾಮಾನು ಬದಿಗಿಡಿ, ಇಲ್ಲದಿದ್ದರೆ ಪಕ್ಕದವಕ್ಕೂ ಹತ್ತಿಸುತ್ತದೆ. ಬಿಳಿ ಪುಡಿ ಕೂತಿದ್ದರೆ ಸುಣ್ಣ, ವಿನೆಗರಿಗೆ ಬಿಡುತ್ತದೆ.

ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಒಂದು ಇಟ್ಟುಕೊಳ್ಳಿ, ಪೆನ್ನಿನಷ್ಟೇ ಇರುತ್ತದೆ. ಡಿಸ್ಟಿಲ್ಡ್ ನೀರು ಅಂತ ಬರೆದ ಕ್ಯಾನಿಗೂ ಅದ್ದಿ ನೋಡಿ. 10 ಪಿಪಿಎಂ ಒಳಗಿದ್ದರೆ ಹಾಕಿ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಾಕುವವರಿದ್ದಾರೆ. ಮೀಟರ್ ಕಡಿಮೆಯೇ ತೋರಿಸುತ್ತದೆ, ನಿಜ. ಆದರೆ ಆ ನೀರು ಎಸಿಯ ಧೂಳು, ಬೂಷ್ಟು ಎಲ್ಲಾ ತೊಳೆದುಕೊಂಡು ಬಂದದ್ದು, ಮೀಟರಿಗೆ ಅದು ಕಾಣುವುದಿಲ್ಲ. ಬೇಡ.

ಕಲೆಯಲ್ಲದೆ ಒಣಗಿದ ರಕ್ತವೇ ಉಳಿದಿದ್ದರೆ ತಪ್ಪು ಆಟೋಕ್ಲೇವಿಗಿಂತ ಮುಂಚಿನದು. ಬಿಸಿ ನೀರಿಗೆ ಹಾಕಿದರೆ ರಕ್ತ ಮೊಟ್ಟೆ ಬೆಂದ ಹಾಗೆ ಗಟ್ಟಿಯಾಗಿ ಹಿಡಿಯುತ್ತದೆ, ಮೊದಲು ತಣ್ಣೀರೇ ಸರಿ. ಅಲ್ಟ್ರಾಸೋನಿಕ್ ತೊಟ್ಟಿ ಕೆಲಸ ಮಾಡುತ್ತಿದೆಯಾ ನೋಡಲು ತೆಳು ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ನೆಟ್ಟಗೆ ಇಳಿಬಿಟ್ಟು ಒಂದು ನಿಮಿಷ ಓಡಿಸಿ. ಎಲ್ಲಾ ಕಡೆ ಸಮನಾಗಿ ಗುಳಿ, ತೂತು ಬಿದ್ದಿರಬೇಕು. ಒಂದು ಬದಿ ನುಣ್ಣಗೇ ಉಳಿದರೆ ಆ ಬದಿಯ ಕೆಳಗಿನ, ಕಂಪನ ಹುಟ್ಟಿಸುವ ಕ್ರಿಸ್ಟಲ್ ಸತ್ತಿದೆ.

ಮಳೆಗಾಲದ ಇನ್ನೊಂದು ಕಾಟ ಒದ್ದೆ ಪೌಚ್. ಒದ್ದೆ ಕಾಗದದ ಮೂಲಕ ಹೊರಗಿನ ಕೊಳೆ ಒಳಗೆ ಇಳಿಯುತ್ತದೆ, ಹಾಗಾಗಿ ಒದ್ದೆ ಇದ್ದರೆ ಆ ಪೌಚ್ ಲೆಕ್ಕಕ್ಕಿಲ್ಲ. ಮತ್ತೆ ಹೊಸ ಪೌಚಿಗೆ ಹಾಕಿ ಮತ್ತೆ ಮಾಡಬೇಕು. ಬಿಸಿ ಪೌಚನ್ನು ತಣ್ಣನೆ ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ, ಬುಟ್ಟಿಯಲ್ಲೇ ಆರಲಿ.

ಪ್ರೋಬಿನ ಗೆರೆ ಎಲ್ಲಿ ಹೋಯಿತು?

ಅಳತೆಯ ಸಾಮಾನು ಅಂದರೆ ಮಷೀನಿನ ಗೇಜ್ ಒಂದೇ ಅಲ್ಲವಲ್ಲ. ಕುಮಟೆಯಲ್ಲಿ ಒಬ್ಬರು ಡಾಕ್ಟರ್ ಮೇಡಂ, "ಒಂದೇ ಪೇಷಂಟ್, ಒಂದೇ ಹಲ್ಲು, ನಾನು ಅಳೆದರೆ 3, ಜೂನಿಯರ್ ಅಳೆದರೆ 5. ಎಂತ ಮಾರಾಯ್ರೆ ಇದು?" ಅಂತ ನಗುತ್ತಾ ಕೇಳಿದ್ದರು. ಅದು ನನ್ನ ಕೆಲಸವಲ್ಲ, ಆದರೂ ಪ್ರೋಬ್, ಅಂದರೆ ವಸಡಿನ ಸಂದಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆಯುವ ಗೆರೆ ಹಾಕಿದ ಕಡ್ಡಿ, ತೋರಿಸಿ ಅಂದೆ. ವಿಲಿಯಮ್ಸ್ ಪ್ರೋಬಿನಲ್ಲಿ ಗೆರೆ ಇರುವುದು 1, 2, 3, 5, 7, 8, 9, 10ಕ್ಕೆ. ಓದುವಾಗ ಗೊಂದಲ ಆಗದಿರಲಿ ಅಂತ 4 ಮತ್ತು 6 ಬೇಕಂತಲೇ ಬಿಟ್ಟಿರುತ್ತಾರೆ. ಅವರ ಪ್ರೋಬನ್ನು ಸ್ಟೀಲ್ ಜುಂಗಿನಿಂದ ತಿಕ್ಕಿ ತಿಕ್ಕಿ 3ರ ಗೆರೆಯೂ ಅಳಿಸಿತ್ತು. ಹಾಗಾಗಿ 2ರ ನಂತರದ ಗೆರೆ ಒಬ್ಬರಿಗೆ 3, ಇನ್ನೊಬ್ಬರಿಗೆ 5. ವರ್ನಿಯರ್ ಹಿಡಿದು ನೋಡಿದರೆ ಅದು 5ರದ್ದೇ.

ತಿಂಗಳಿಗೊಮ್ಮೆ ಎಲ್ಲಾ ಪ್ರೋಬುಗಳನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ, ತುದಿ ಸವೆದಿದೆಯಾ ಬಾಗಿದೆಯಾ ಅಂತ. ಗುಂಡು ತುದಿಯ ಪ್ರೋಬ್ ಆದರೆ ಆ ಗುಂಡು 0.5 ಮಿಲಿಮೀಟರ್ ಇರಬೇಕು, ಕಪ್ಪು ಪಟ್ಟಿ 3.5ರಿಂದ 5.5ರ ತನಕ. ತೊಳೆಯಲು ನೈಲಾನ್ ಬ್ರಷ್ ಸಾಕು. ರೂಟ್ ಕೆನಾಲ್ ಫೈಲು ಅಳೆಯುವ ಪ್ಲಾಸ್ಟಿಕ್ ಸ್ಕೇಲು 134 ಡಿಗ್ರಿಗೆ ಆಗುವಂಥದ್ದಾ ಅಂತ ಕೇಳಿ ತನ್ನಿ, ಇಲ್ಲದಿದ್ದರೆ ಒಂದೆರಡು ಸಲಕ್ಕೆ ಬಾಗಿ ಅಳತೆ ತಪ್ಪುತ್ತದೆ.

ವ್ಯಾಕ್ಯೂಮ್ ಮಷೀನು, ಸ್ಪೋರ್ ಪರೀಕ್ಷೆ

ಬಿ ವರ್ಗದ, ಅಂದರೆ ವ್ಯಾಕ್ಯೂಮ್ ಪಂಪು ಇರುವ ಮಷೀನು ಗಾಳಿಯನ್ನು ತಾನೇ ಎಳೆದು ತೆಗೆಯುತ್ತದೆ. ಹಲ್ಲು ಕೊರೆಯುವ ಟರ್ಬೈನ್ ಹ್ಯಾಂಡ್‌ಪೀಸಿನಂಥ ಟೊಳ್ಳು ಸಾಮಾನಿಗೆ ಇದೇ ಬೇಕು. ಇಲ್ಲಿ ಮಾತ್ರ ಗ್ಯಾಸ್ಕೆಟ್ಟಿನ ಸಣ್ಣ ಸೀಳೂ ದೊಡ್ಡ ತಪ್ಪಿತಸ್ಥ, ಯಾಕಂದರೆ ಪಂಪು ಎಳೆಯುವಾಗ ಅಲ್ಲಿಂದಲೇ ಗಾಳಿ ಒಳಗೆ ನುಗ್ಗುತ್ತದೆ. ದಿನದ ಮೊದಲ ಕೆಲಸವಾಗಿ ಖಾಲಿ ಮಷೀನಿನಲ್ಲಿ ಬೋವಿ-ಡಿಕ್ ಪರೀಕ್ಷೆ ಮಾಡಿ, ಅದು 1963ರಿಂದ ಬಂದ ಪದ್ಧತಿ. ಆ ಪರೀಕ್ಷೆಯ ಪ್ಯಾಕಿನೊಳಗಿನ ಹಾಳೆಯ ನಡುವೆ ಬಣ್ಣ ತಿಳಿಯಾಗಿ ಉಳಿದರೆ ಅಲ್ಲಿ ಗಾಳಿ ಇತ್ತು ಅಂತ. ಟೊಳ್ಳು ಸಾಮಾನಿಗೆ ಹೆಲಿಕ್ಸ್: ಒಂದೂವರೆ ಮೀಟರ್ ಉದ್ದದ, 2 ಮಿಲಿಮೀಟರ್ ಒಳವ್ಯಾಸದ ಕೊಳವೆ, ಅದರ ಮುಚ್ಚಿದ ತುದಿಯಲ್ಲಿ ಸ್ಟ್ರಿಪ್.

ಇಷ್ಟೆಲ್ಲಾ ಸರಿಯಾದ ಮೇಲೂ ವಾರಕ್ಕೊಂದು ಸ್ಪೋರ್ ಪರೀಕ್ಷೆ ಬೇಕು. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನುವ ಬಿಸಿ ತಡೆಯುವ ಜೀವಿಯ ಬೀಜಾಣು ಇರುವ ಸಣ್ಣ ಶೀಷೆ ಅದು. ಒಂದನ್ನು ಲೋಡಿನೊಳಗೆ ಇಡಿ, ಇನ್ನೊಂದನ್ನು ಹೊರಗೇ ಉಳಿಸಿ, ಆಮೇಲೆ ಎರಡನ್ನೂ 55ರಿಂದ 60 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡಿ. ಒಳಗಿನದು ಬೆಳೆಯಬಾರದು, ಹೊರಗಿನದು ಬೆಳೆಯಲೇಬೇಕು. ಹೊರಗಿನದೂ ಬೆಳೆಯದಿದ್ದರೆ ಖುಷಿಪಡಬೇಡಿ, ಶೀಷೆಯೇ ಸತ್ತಿತ್ತು, ಪರೀಕ್ಷೆ ಆಗಿಯೇ ಇಲ್ಲ. ಒಳಗಿನದು ಬೆಳೆದರೆ ಮಷೀನು ನಿಲ್ಲಿಸಿ, ಮೇಲೆ ಹೇಳಿದ್ದನ್ನೆಲ್ಲಾ ನೋಡಿ ಮತ್ತೊಮ್ಮೆ ಮಾಡಿ. ಮತ್ತೆ ಬೆಳೆದರೆ ಹಿಂದಿನ ಒಳ್ಳೆ ಪರೀಕ್ಷೆಯ ನಂತರದ ಸಾಮಾನೆಲ್ಲಾ ವಾಪಸ್ ತರಿಸಿ, ಪುನಃ ಬೇರೆ ಕಡೆ ಮಾಡಿಸಬೇಕು.

ಅಂಕೋಲೆಯ ಅಕ್ಕ ಮುಂದಿನ ವಾರ ಫೋನ್ ಮಾಡಿದರು. ತೂತಿನ ಕ್ಯಾಸೆಟ್ ಬಂದಿದೆ, ಕಾಕಿನ ಪಕ್ಕ ಒಂದು ಗಡಿಯಾರ ನೇತುಹಾಕಿದ್ದಾರೆ, ನಾಲ್ಕು ಕಡೆ ಇಟ್ಟ ನಾಲ್ಕೂ ಸ್ಟ್ರಿಪ್ ಪಾಸು. ಅರ್ಧಕ್ಕೆ ನಿಂತದ್ದನ್ನೂ ಪೂರ್ತಿ ಓಡಿದ್ದನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಜೊತೆಗೆ ಅಂಟಿಸಿದ್ದಾರಂತೆ, ಹೊಸ ಹುಡುಗಿ ಬಂದರೆ ತೋರಿಸಲಿಕ್ಕೆ.

ನೀವು ಯಾವ ಮೆಕ್ಯಾನಿಕ್ಕಿಗೇ ಫೋನ್ ಮಾಡಿ, ಆಟೋಕ್ಲೇವ್ ಕೆಟ್ಟಿದೆ ಅಂತ ಮಾತ್ರ ಹೇಳಬೇಡಿ. ಸ್ಟ್ರಿಪ್ ಎಲ್ಲಿಟ್ಟಾಗ ಎಷ್ಟರ ತನಕ ಓಡಿತು, ಮುಚ್ಚಳ ತೆರೆದಾಗ ಮುಳ್ಳು ಎಲ್ಲಿತ್ತು, ತಣ್ಣನೆಯಿಂದ 15ಕ್ಕೆ ಏರಲು ಎಷ್ಟು ನಿಮಿಷ ಹಿಡಿಯಿತು, ಹೀಟರ್ ಉರಿಯುವಾಗ ವೋಲ್ಟೇಜ್ ಎಷ್ಟು, ಈ ನಾಲ್ಕು ಹೇಳಿ. ದೇವಿಮನೆ ಘಟ್ಟ ಹತ್ತುವ ಮೊದಲೇ ಚೀಲಕ್ಕೆ ಗೇಜ್ ಹಾಕಿಕೊಳ್ಳಬೇಕಾ, ಹೀಟರ್ ಹಾಕಿಕೊಳ್ಳಬೇಕಾ, ಬರೀ ನಾಲ್ಕು ಸ್ಟ್ರಿಪ್ ಸಾಕಾ ಅಂತ ನಮಗೆ ಗೊತ್ತಾಗುತ್ತದೆ.